ಶಾಪದ ಕಥೆ ಬೇಡವೆನ್ನುವ ಮೊದಲು ಕೊನೆಯ ಅಧ್ಯಾಯ ಓದಿ

ಮಾನ್ಯ ಸಂಪಾದಕರೆ,

ಶಾಲಾ ಗ್ರಂಥಾಲಯಕ್ಕೆ ಪುಸ್ತಕ ಆರಿಸುವ ಹೊತ್ತು ಬಂತೆಂದರೆ ಬೆಂಗಳೂರಿನ ಶಿಕ್ಷಕರಲ್ಲೂ ಪೋಷಕರಲ್ಲೂ ಒಂದು ವಾದ ಏಳುತ್ತದೆ: ಹೈಸ್ಕೂಲ್ ಮಕ್ಕಳ ಕೈಗೆ ದೆವ್ವ, ಮಾಟ, ಮನೆತನದ ಶಾಪದ ಕಾದಂಬರಿ ಕೊಡಬಾರದು. ಹದಿಹರೆಯದವರಿಗಾಗಿ ಬರೆದ ಹಸ್ತಪ್ರತಿಗಳನ್ನು ಓದಿ ತಿದ್ದುವ ಕೆಲಸದಲ್ಲಿರುವ ನಾವು ಇದನ್ನು ಒಪ್ಪುವುದಿಲ್ಲ. ಆ ವಯಸ್ಸಿನವರು ಹೆದರಿಸುವ ಕಥೆಯನ್ನು ಹುಡುಕಿಕೊಂಡು ಹೋಗಿ ಓದುತ್ತಾರೆ. ಕನ್ನಡದಲ್ಲಿ ಸಿಗದಿದ್ದರೆ ಇಂಗ್ಲಿಷಿನಲ್ಲಿ, ಅದೂ ಇಲ್ಲದಿದ್ದರೆ ಮೊಬೈಲಿನಲ್ಲಿ. ಮುಖಪುಟದ ತಲೆಬುರುಡೆ ನೋಡಿ ಪುಸ್ತಕವನ್ನು ಪಕ್ಕಕ್ಕಿಡುವುದರಿಂದ ಪ್ರಯೋಜನವಿಲ್ಲ. ಹಾನಿ ಇರುವುದು ಬೇರೆ ಕಡೆ. ಊರೆಲ್ಲ ಸೇರಿ ಮಾಟಗಾತಿ ಎಂದು ಬೆರಳು ತೋರಿಸಿದ ಹೆಂಗಸು ಕೊನೆಯ ಅಧ್ಯಾಯದಲ್ಲಿ ನಿಜಕ್ಕೂ ಮಾಟಗಾತಿಯೇ ಎಂದು ಬಯಲಾದರೆ, ಆ ಪುಸ್ತಕ ಊರಿನ ಪರವಾಗಿ ಸಾಕ್ಷಿ ಹೇಳಿದ ಹಾಗಾಯಿತು.

ದೆವ್ವದ ಕಥೆ ಬೇರೆ, ಆರೋಪದ ಕಥೆ ಬೇರೆ. 1990ರ ದಶಕದಲ್ಲಿ ಬೆಂಗಳೂರಿನ ಮನೆಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದುದು ಅನೇಕರಿಗೆ ನೆನಪಿದೆ. ರಾತ್ರಿ ಮನೆಯವರದೇ ದನಿಯಲ್ಲಿ ಕೂಗುವ ದೆವ್ವ ಬಾಗಿಲ ಬರಹ ಓದಿಕೊಂಡು ಹಿಂದಿರುಗುತ್ತದೆ ಎಂಬುದು ನಂಬಿಕೆ. ಆ ಕಥೆಯ ದೆವ್ವಕ್ಕೆ ಮನೆ ನಂಬರ್ ಇರಲಿಲ್ಲ, ಗಂಡ ತೀರಿಕೊಂಡ ನೆರೆಮನೆಯಾಕೆಯ ಹೆಸರು ಅದಕ್ಕೆ ಅಂಟಿರಲಿಲ್ಲ. ಮಕ್ಕಳು ಅಂಥದ್ದನ್ನು ಎಷ್ಟು ಬೇಕಾದರೂ ಓದಲಿ. ‘ಮೂರನೇ ಕ್ರಾಸಿನ ಮೂಲೆಮನೆ ಅಜ್ಜಿ ಮಾಟ ಮಾಡುತ್ತಾಳೆ’ ಎಂಬಲ್ಲಿಂದ ಹೊರಟ ಕಥೆಗೆ ಮಾತ್ರ ಬರೆಯುವವರು ಹೆಚ್ಚು ಸಿದ್ಧತೆ ಮಾಡಿಕೊಳ್ಳಬೇಕು.

ಮೊದಲ ಸಿದ್ಧತೆ, ಆರೋಪ ಹೇಗೆ ಹುಟ್ಟುತ್ತದೆಂದು ತಿಳಿಯುವುದು. 1950ರ ದಶಕದಲ್ಲಿ ಮಂಡ್ಯ ಜಿಲ್ಲೆಯ ಹಳ್ಳಿಯೊಂದರಲ್ಲಿ ಅಧ್ಯಯನ ನಡೆಸಿದ ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೀನ್, ಅಲ್ಲಿ ಮಾಟದ ಆರೋಪ ಹೊತ್ತವರು ಬಡ್ಡಿಗೆ ಸಾಲ ಕೊಡುತ್ತಿದ್ದ ಹೆಂಗಸರು ಎಂಬುದನ್ನು ಗುರುತಿಸಿ 1959ರಲ್ಲಿ ಬರೆದರು. ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದ ಹೆಂಗಸಿನ ಮೇಲೆ ಸಾಲಗಾರರ ಕಣ್ಣು. ನಮ್ಮ ಕಡೆ ‘ಕೈಮದ್ದು ಹಾಕುತ್ತಾರೆ’, ಅಂದರೆ ಊಟದಲ್ಲಿ ಕೇಡಿನ ಮದ್ದು ಬೆರೆಸುತ್ತಾರೆ, ಎಂಬ ಮಾತೂ ಇದೇ ದಾರಿಯದು. ಆ ಮನೆಯಲ್ಲಿ ನೀರನ್ನೂ ಕುಡಿಯಬೇಡ ಎಂದು ಮಕ್ಕಳಿಗೆ ಹೇಳಿಕೊಡುತ್ತಾರೆ. ವಿದ್ಯೆ ತಾಯಿಯಿಂದ ಮಗಳಿಗೆ ಬರುತ್ತದೆ ಎಂದು ಸೇರಿಸುತ್ತಾರೆ. ಅಲ್ಲಿಗೆ ಮಗಳ ಮದುವೆಯೂ ನಿಲ್ಲುತ್ತದೆ. ಮನೆತನದ ಶಾಪ ಮತ್ತು ಮಾಟದ ಆರೋಪ ಎರಡೂ ಕೂಡಿಕೊಂಡ ಇಂಥ ವಸ್ತು ಕೈಯಳತೆಯಲ್ಲಿರುವಾಗ ಕನ್ನಡದ ಬರಹಗಾರರು ಇಂಗ್ಲಿಷ್ ಕಥೆಗಳ ಮಾಟಗಾತಿಯ ಕಪ್ಪು ಟೋಪಿ, ಪೊರಕೆಗಳನ್ನು ಎರವಲು ತರುವುದು ನೋವಿನ ಸಂಗತಿ.

ಅಮೆರಿಕದ ಸೇಲಂ ಊರಿನ ಮಾಟಗಾರಿಕೆಯ ವಿಚಾರಣೆಯನ್ನು ಹಿನ್ನೆಲೆಯಾಗಿ ಬಳಸುವವರು ಅದನ್ನಾದರೂ ಸರಿಯಾಗಿ ಓದಿಕೊಳ್ಳಲಿ. ನಮ್ಮ ಕೈಸೇರುವ ಹಸ್ತಪ್ರತಿಗಳಲ್ಲಿ ಸೇಲಂ ಎಂದರೆ ಕಂಬಕ್ಕೆ ಕಟ್ಟಿ ಸುಡುವ ದೃಶ್ಯ. ಅಲ್ಲಿ ಯಾರನ್ನೂ ಸುಡಲಿಲ್ಲ. 1692ರಲ್ಲಿ 19 ಜನರನ್ನು, ಅಂದರೆ 14 ಹೆಂಗಸರು ಮತ್ತು 5 ಗಂಡಸರನ್ನು, ಗಲ್ಲಿಗೇರಿಸಿದರು. ಆರೋಪಕ್ಕೆ ಉತ್ತರ ಕೊಡಲು ಒಪ್ಪದ ಜೈಲ್ಸ್ ಕೋರಿ ಎಂಬ ಮುದುಕನನ್ನು ಕಲ್ಲು ಹೇರಿ ಕೊಂದರು. ಜೈಲಿನಲ್ಲೂ ಕೆಲವರು ಸತ್ತರು. ಆರಂಭವಾದದ್ದು 9 ವರ್ಷದ ಬೆಟ್ಟಿ ಪ್ಯಾರಿಸ್ ಮತ್ತು 11ರ ಅಬಿಗೈಲ್ ವಿಲಿಯಮ್ಸ್ ಕಿರುಚಾಡಿ, ಮೈ ಸೆಳೆತ ಬಂದು ಬಿದ್ದಾಗ. ಮೊದಲು ಹೆಸರು ಬಂದ ಮೂವರನ್ನು ನೋಡಿ: ಟಿಟುಬಾ ಗುಲಾಮ ಹೆಂಗಸು, ಸಾರಾ ಗುಡ್ ಬೇಡಿ ತಿನ್ನುತ್ತಿದ್ದಾಕೆ, ಸಾರಾ ಆಸ್ಬರ್ನ್ ಸತ್ತ ಮೊದಲ ಗಂಡನ ಆಸ್ತಿಯ ವಿಚಾರದಲ್ಲಿ ಜಗಳಕ್ಕೆ ಸಿಕ್ಕಿದ್ದ, ಮರುಮದುವೆಯಾಗಿದ್ದ ಹೆಂಗಸು. ಗೌರವಸ್ಥ ಮನೆಗಳ ಹೆಸರು ಬಂದದ್ದು ಆಮೇಲೆ. ನಿಮ್ಮ ಕಾದಂಬರಿಯಲ್ಲೂ ಆರೋಪ ಇದೇ ಕ್ರಮದಲ್ಲಿ ಏರಲಿ. ಎದುರು ಮಾತಾಡಲಾಗದವರು ಮೊದಲು, ಊರಿಗೆ ರುಚಿ ಹತ್ತಿದ ಮೇಲೆ ಉಳಿದವರು. ಮೊದಲ ಅಧ್ಯಾಯದಲ್ಲೇ ಶಾನುಭೋಗರ ಹೆಂಡತಿಯ ಮೇಲೆ ಊರು ಮುಗಿಬಿದ್ದರೆ ಓದುವ ಹುಡುಗಿಯೂ ನಂಬುವುದಿಲ್ಲ.

ಸೇಲಂನಲ್ಲಿ ಕಥೆ ಕಟ್ಟುವವರಿಗೆ ಬಹಳ ಬೇಕಾದ ಎರಡು ಸಂಗತಿಗಳಿವೆ. ತಪ್ಪೊಪ್ಪಿಕೊಂಡು ಆ ಹೇಳಿಕೆಗೆ ಅಂಟಿಕೊಂಡವರು ಗಲ್ಲಿಗೆ ಹೋಗಲಿಲ್ಲ. ತಾನು ಮಾಟ ಮಾಡಿಲ್ಲ ಎಂದು ಸತ್ಯ ಹೇಳಿದವರು ಹೋದರು. ಸುಳ್ಳು ಹೇಳಿ ಬದುಕುವುದೋ, ಸತ್ಯ ಹೇಳಿ ಸಾಯುವುದೋ ಎಂಬ ಆ ಗಳಿಗೆಗಿಂತ ಭಯಾನಕವಾದದ್ದನ್ನು ಯಾವ ಪ್ರೇತವೂ ತಂದುಕೊಡದು. ಇನ್ನೊಂದು, ಅಲ್ಲಿ ನ್ಯಾಯಾಲಯ ಒಪ್ಪಿಕೊಂಡ ಸಾಕ್ಷ್ಯ. ‘ಅವಳ ಛಾಯೆ ಬಂದು ನನ್ನ ಕತ್ತು ಹಿಸುಕಿತು’ ಎಂದು ದೂರುವವಳು ಹೇಳಿದರೆ ಸಾಕಿತ್ತು. ಅದು ಬೇರೆ ಯಾರ ಕಣ್ಣಿಗೂ ಕಾಣಬೇಕಾಗಿರಲಿಲ್ಲ. 1692ರ ಅಕ್ಟೋಬರಿನಲ್ಲಿ ಗವರ್ನರ್ ವಿಲಿಯಂ ಫಿಪ್ಸ್ ಅಂಥ ಸಾಕ್ಷ್ಯಕ್ಕೆ ತಡೆ ಹಾಕಿದ ಮೇಲೆ ಮೊಕದ್ದಮೆಗಳು ಒಂದೊಂದಾಗಿ ಬಿದ್ದುಹೋದವು.

ಈಗ ನಮ್ಮ ಹಸ್ತಪ್ರತಿಗಳ ಕಡೆ ತಿರುಗಿ. ‘ನಾನು’ ಎಂದು ಕಥೆ ಹೇಳುವ ಹದಿನೈದರ ಹುಡುಗನಿಗೆ ಕನಸು ಬೀಳುತ್ತದೆ, ಕನಸಿನಲ್ಲಿ ಮೂಲೆಮನೆ ಅಜ್ಜಿ ಕೂದಲು ಬಿಚ್ಚಿಕೊಂಡು ಬರುತ್ತಾಳೆ, ಮುಂದೆ ಕನಸೇ ನಿಜವಾಗುತ್ತದೆ. ಫಿಪ್ಸ್ ತಡೆದ ಸಾಕ್ಷ್ಯವನ್ನು ಲೇಖಕರು ಹಿಂಬಾಗಿಲಿಂದ ಒಳಗೆ ಬಿಟ್ಟುಕೊಂಡಿದ್ದಾರೆ. ಕನಸು ಬೇಡವೆಂದಲ್ಲ. ಹುಡುಗ ಕನಸು ಕಂಡ ಹಿಂದಿನ ಸಂಜೆ ಆ ಅಜ್ಜಿಯ ಬಗ್ಗೆ ಯಾರು ಏನು ಹೇಳಿದ್ದರು ಎಂಬ ಒಂದು ಸಾಲು ಮೊದಲೇ ಬಿದ್ದಿರಲಿ. ಎರಡನೇ ಸಲ ಓದುವಾಗ ಆ ಸಾಲು ಕಣ್ಣಿಗೆ ಹೊಡೆಯುತ್ತದೆ. ಬರೆಯುವಾಗ ಒಂದು ಹಾಳೆಯಲ್ಲಿ ಮೂರು ಕಲಂ ಮಾಡಿಕೊಳ್ಳಿ: ನಡೆದದ್ದು, ಕಂಡವರು, ಕೇಳಿ ಹೇಳಿದವರು. ‘ಕಂಡವರು’ ಕಲಂ ಬಹುಪಾಲು ಖಾಲಿ ಉಳಿಯುವುದನ್ನು ನೋಡಿದಾಗ ಕಥೆ ಯಾವ ಕಡೆ ಹೊರಳಬೇಕೆಂದು ಲೇಖಕರಿಗೇ ಗೊತ್ತಾಗುತ್ತದೆ.

ಇನ್ನು ಶಾಪ. ಕನ್ನಡಿಗರಿಗೆ ಇದರ ಮಾದರಿ ಅಲಮೇಲಮ್ಮನದು. ಆಕೆ ಶ್ರೀರಂಗಪಟ್ಟಣದಲ್ಲಿ ವಿಜಯನಗರದ ಪ್ರತಿನಿಧಿಯಾಗಿದ್ದವನ ಹೆಂಡತಿ. 1610ರಲ್ಲಿ ಶ್ರೀರಂಗಪಟ್ಟಣ ಮೈಸೂರಿನ ರಾಜ ಒಡೆಯರ ವಶವಾಯಿತು. ಒಡವೆ ಕೇಳಿ ಬಂದವರಿಂದ ತಪ್ಪಿಸಿಕೊಂಡು ಕಾವೇರಿಗೆ ಹಾರುವ ಮುನ್ನ ಆಕೆ ‘ತಲಕಾಡು ಮರಳಾಗಿ, ಮಾಲಂಗಿ ಮಡುವಾಗಿ, ಮೈಸೂರು ದೊರೆಗಳಿಗೆ ಮಕ್ಕಳಾಗದೆ ಹೋಗಲಿ’ ಎಂದಳೆಂಬುದು ಐತಿಹ್ಯ. ಇದರ ಕಟ್ಟು ಗಮನಿಸಿ. ಮೂರೇ ಮಾತು, ಮೂರೂ ಕಣ್ಣಿಗೆ ಕಾಣುವಂಥವು, ಬೆನ್ನಿಗೆ ಒಂದು ಅನ್ಯಾಯ, ಅನ್ಯಾಯದ ಬುಡದಲ್ಲಿ ಒಡವೆ. ‘ನಿನ್ನ ವಂಶ ನಾಶವಾಗಲಿ’ ಎಂಬ ಸಡಿಲ ಶಾಪ ಕಥೆಗೆ ಉಪಯೋಗವಿಲ್ಲ, ಅದು ನಿಜವಾಯಿತೋ ಇಲ್ಲವೋ ಎಂದು ಪರೀಕ್ಷಿಸಲು ಬಾರದು.

ಪರೀಕ್ಷಿಸಲು ಬರುವ ಶಾಪ ಹೇಗೆ ಹಿಗ್ಗುತ್ತದೆಂಬುದಕ್ಕೂ ಇದೇ ಮಾದರಿ. ದತ್ತು ಬಂದ ಹತ್ತನೇ ಚಾಮರಾಜ ಒಡೆಯರಿಗೆ ಮಕ್ಕಳಾದರು. ಅವರ ಮಗ ನಾಲ್ವಡಿ ಕೃಷ್ಣರಾಜರಿಗೆ ಆಗಲಿಲ್ಲ, 1940ರಲ್ಲಿ ತಮ್ಮನ ಮಗ ಜಯಚಾಮರಾಜರು ಪಟ್ಟಕ್ಕೆ ಬಂದರು. ಅವರಿಗೆ ಮಗ ಹುಟ್ಟಿದರು, ಆ ಮಗ ಶ್ರೀಕಂಠದತ್ತರಿಗೆ ಮಕ್ಕಳಿರಲಿಲ್ಲ, 2015ರಲ್ಲಿ ಮತ್ತೆ ದತ್ತು. ಶಾಪದ ಮಾತಿಗೆ ಇದು ಪೂರ್ತಿ ಹೊಂದುವುದಿಲ್ಲವಾದ್ದರಿಂದ ಜನ ‘ಒಂದು ತಲೆಮಾರು ಬಿಟ್ಟು ಒಂದು’ ಎಂಬ ಹೊಸ ಷರತ್ತು ಸೇರಿಸಿದರು. ತಲಕಾಡಿನ ಮರಳಿಗೆ ಭೂವಿಜ್ಞಾನಿಗಳು ನದಿಯ ತಿರುವು, ಮಾಧವಮಂತ್ರಿ ಅಣೆಕಟ್ಟೆಯಿಂದ ಬದಲಾದ ಹರಿವು, ಬಯಲಾದ ಮರಳನ್ನು ತೂರಿ ತಂದ ಗಾಳಿಯನ್ನು ಕಾರಣವಾಗಿ ಹೇಳುತ್ತಾರೆ. ಷರತ್ತು ಯಾವಾಗ ಸೇರಿತು, ಯಾರು ಸೇರಿಸಿದರು ಎಂದು ಮನೆಯ ಹಳೆಯ ಪತ್ರಗಳಲ್ಲಿ ಹುಡುಕುವ ಹುಡುಗಿಯ ಮೇಲೆ ಒಂದು ಇಡೀ ಕಾದಂಬರಿ ನಿಲ್ಲುತ್ತದೆ.

ಹಾಗಾಗಿ ಬರವಣಿಗೆ ಶುರುಮಾಡುವ ಮೊದಲು ನಾಲ್ಕು ತಲೆಮಾರಿನ ವಂಶವೃಕ್ಷ ಬರೆಯಿರಿ. ಪ್ರತಿ ಹೆಸರಿನ ಮುಂದೆ ಹುಟ್ಟಿದ ವರ್ಷ, ಸತ್ತ ವರ್ಷ, ಮನೆಯವರು ಹೇಳುವ ಕಾರಣ, ನಿಜವಾದ ಕಾರಣ. ಶಾಪಕ್ಕೆ ಸಿಗದೆ ಸುಖವಾಗಿ ಬಾಳಿದವರ ಹೆಸರನ್ನು ಬಿಡಬೇಡಿ. ಶಾಪದ ಕಥೆ ಹೇಳುವವರು ಮೊದಲು ಮರೆಯುವುದು ಅವರನ್ನೇ. ಆಮೇಲೆ ಅದೇ ಹಾಳೆಯಲ್ಲಿ ಆಸ್ತಿ ಯಾರ ಹೆಸರಿನಿಂದ ಯಾರ ಹೆಸರಿಗೆ ಹೋಯಿತೆಂದು ಬರೆಯಿರಿ. ಬೆಂಗಳೂರಿನ ಕಥೆಯಾದರೆ ಖಾತಾ, ಕ್ರಯಪತ್ರ, ಋಣಭಾರ ಪ್ರಮಾಣಪತ್ರ, ಮರಣ ಪ್ರಮಾಣಪತ್ರಗಳೇ ಸುಳಿವು. ‘ಶಾಪದ ಮನೆ, ಯಾರೂ ಕೊಳ್ಳಬೇಡಿ’ ಎಂಬ ಪುಕಾರಿನಿಂದ ಬಸವನಗುಡಿಯ ಹಳೆಯ ವಠಾರ ಯಾರ ಕೈಗೆ ಅಗ್ಗಕ್ಕೆ ಬಂತು ಎಂಬುದನ್ನು ಹತ್ತನೇ ತರಗತಿಯ ಹುಡುಗಿ ಈ ಕಾಗದಗಳಿಂದಲೇ ಕಂಡುಹಿಡಿಯಬಹುದು.

ಸಾವಿಗೆ ಕಾಯಿಲೆಯ ಕಾರಣ ಕೊಡುವಾಗ ಜಾಗ್ರತೆ ಬೇಕು. ‘ಈ ವಂಶದಲ್ಲಿ ಗಂಡುಮಕ್ಕಳು ಉಳಿಯುವುದಿಲ್ಲ’ ಎಂಬ ಶಾಪಕ್ಕೆ ಹಿಮೋಫಿಲಿಯಾವನ್ನು, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆಯನ್ನು, ತರುವವರು ಅದನ್ನು ಅಪ್ಪನಿಂದ ಮಗನಿಗೆ ದಾಟಿಸುತ್ತಾರೆ. ಅದು ಹಾಗೆ ದಾಟುವುದಿಲ್ಲ. ದೋಷ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಮಗನಿಗೆ ಅಪ್ಪನಿಂದ ಬರುವುದು ವೈ. ದೋಷವನ್ನು ಹೊತ್ತ, ಅಂದರೆ ವಾಹಕಳಾದ, ತಾಯಿಯ ಪ್ರತಿ ಮಗನಿಗೂ ಕಾಯಿಲೆ ಬರುವ ಸಂಭವ ಅರ್ಧಕ್ಕರ್ಧ, ಪ್ರತಿ ಮಗಳೂ ವಾಹಕಳಾಗುವ ಸಂಭವ ಅರ್ಧಕ್ಕರ್ಧ. ಆದ್ದರಿಂದ ಶಾಪ ತಾಯಿಯ ತವರಿನಿಂದ ಬರಬೇಕು. ಹಲ್ಲು ಕೀಳಿಸಿದ ಮೇಲೆ ನಿಲ್ಲದ ರಕ್ತ, ಕಾರಣವಿಲ್ಲದೆ ಊದಿಕೊಳ್ಳುವ ಮೊಣಕಾಲು, ಇವು ಸುಳಿವುಗಳು. ಸೊಸೆ ಕಾಲಿಟ್ಟ ಗಳಿಗೆಯನ್ನು ಅತ್ತೆಮನೆಯವರು ಹೇಗೆ ದೂರುತ್ತಾರೆ ಎಂಬುದೂ ಇಲ್ಲಿಗೆ ತಾನಾಗಿ ಬಂದು ಸೇರುತ್ತದೆ.

ಮಾಟದ ಸಾಮಾನಿಗೂ ಒಂದು ಮಾತು. ಬೀದರ್, ಕಲಬುರಗಿ ಕಡೆಯ ಭಾನಾಮತಿ ಎಂಬ ಮಾಟದ ನಂಬಿಕೆಯ ಬಗ್ಗೆ ಸರ್ಕಾರ ನೇಮಿಸಿದ ಸಮಿತಿಗೆ ಅಧ್ಯಕ್ಷರಾಗಿದ್ದವರು ಬೆಂಗಳೂರಿನ ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರು. ಪವಾಡವನ್ನು ಪರೀಕ್ಷಿಸಿ ನೋಡುವ ಅವರ ಹಾದಿ ಕಾದಂಬರಿಗೆ ಬಹಳ ಒಳ್ಳೆಯದು. ದಾಸವಾಳದ ದಳ ತಿಕ್ಕಿ ಒಣಗಿಸಿದ ಚಾಕುವಿನಿಂದ ನಿಂಬೆಹಣ್ಣು ಕೊಯ್ದರೆ ರಸ ಕೆಂಪಗೆ ಇಳಿಯುತ್ತದೆ. ಅರಿಸಿನ ಕದಡಿದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಕೆಂಪು. ಸುಣ್ಣ ಬಳಿದ ಗೋಡೆಯ ಮೇಲೆ ಬೆಳಗಾಗುವಷ್ಟರಲ್ಲಿ ಮೂಡಿದ ‘ರಕ್ತದ’ ಅಂಗೈಗೆ ನಾಯಕಿ ನಿಂಬೆರಸ ಹಿಂಡುತ್ತಾಳೆ. ಅದು ಹಳದಿಗೆ ತಿರುಗುತ್ತದೆ. ಈ ದೃಶ್ಯವನ್ನು ಓದಿದ ಮಗು ಅಡುಗೆಮನೆಗೆ ಹೋಗಿ ಮಾಡಿ ನೋಡುತ್ತದೆ, ಅಪಾಯವೂ ಕಡಿಮೆ. ಕಣ್ಣಿಗೆ ಸುಣ್ಣ ತಾಗದಿರಲಿ ಎಂದು ಕಥೆಯೊಳಗೇ ಯಾರಾದರೂ ಹೇಳಿದರೆ ಸಾಕು. ದತ್ತೂರಿ ಬೀಜ, ಉಪವಾಸ, ಅಂಗೈಯಲ್ಲಿ ಕರ್ಪೂರ ಉರಿಸುವುದು, ಇವನ್ನು ಅನುಕರಿಸಲು ಬರುವ ಹಾಗೆ ಅಳತೆಯೊಂದಿಗೆ ಬರೆಯಲೇಬಾರದು.

ಮಂತ್ರವಾದಿ ಬಂದು ದೆವ್ವ ಬಿಡಿಸಿ ಹುಡುಗಿಯನ್ನು ಉಳಿಸುವ ಮುಕ್ತಾಯ ಇಂದಿಗೂ ಬರುತ್ತಿದೆ. 2017ರ ಕರ್ನಾಟಕದ ವಾಮಾಚಾರ ತಡೆ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದೆ. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿಹಾಕುವುದು, ಹೊಡೆಯುವುದು, ಮೆಣಸಿನಕಾಯಿ ಹೊಗೆ ಹಾಕುವುದು ಅಪರಾಧ. ಶಿಕ್ಷೆ 1ರಿಂದ 7 ವರ್ಷ ಜೈಲು, 5,000ದಿಂದ 50,000 ರೂಪಾಯಿ ದಂಡ. ಕಾನೂನು ತರುವವರು ಅತಿಗೂ ಹೋಗದಿರಲಿ. ಜಾತಕ ನೋಡಿದ್ದಕ್ಕೇ ಪೊಲೀಸರು ಜ್ಯೋತಿಷಿಯನ್ನು ಹಿಡಿದೊಯ್ಯುವ ದೃಶ್ಯ ತಪ್ಪು, ಜ್ಯೋತಿಷ ಮತ್ತು ವಾಸ್ತು ಸಲಹೆಯನ್ನು ಕಾಯ್ದೆ ಹೊರಗಿಟ್ಟಿದೆ.

ಇಂಥ ಕಾದಂಬರಿಯ ಪುಟಗಳ ಲೆಕ್ಕ ಸುಲಭ. ಡೆಮಿ 1/8 ಆಕಾರದಲ್ಲಿ 16 ಪುಟದ ಎಂಟು ಫಾರಂ (ಒಟ್ಟಿಗೆ ಅಚ್ಚಾಗಿ ಮಡಿಸುವ ಹಾಳೆ), 128 ಪುಟ. ಪುಟಕ್ಕೆ ಸುಮಾರು 200 ಪದ ಹಿಡಿದರೆ 25,600 ಪದದ ಸುತ್ತಮುತ್ತ. ಮೊದಲ ಫಾರಂನೊಳಗೆ ಕೇಡು ನಡೆಯಲಿ, 40ನೇ ಪುಟದ ಹೊತ್ತಿಗೆ ಒಂದು ಹೆಸರು ಬಾಯಿಗೆ ಬರಲಿ, ಹುಡುಕಾಟ 60ಕ್ಕಿಂತ ಮೊದಲೇ ಹೊರಡಲಿ. ತಡವಾದರೆ ಅಜ್ಜಿಯೊಬ್ಬಳು ಕೊನೆಯ 16 ಪುಟದಲ್ಲಿ ಕೂತು ಎಲ್ಲವನ್ನೂ ವಿವರಿಸಬೇಕಾಗುತ್ತದೆ, ಹೆದರಿಕೆ ಅಲ್ಲೇ ಸಾಯುತ್ತದೆ.

ಭಾಷೆಯ ವಿಚಾರದಲ್ಲಿ ನಾವು ಕಠಿಣವಾಗಿಯೇ ಹೇಳುತ್ತೇವೆ. ನಾಯಕ ನಾಯಕಿಗೆ ಪುಸ್ತಕದ ಕನ್ನಡ, ಆರೋಪ ಹೊತ್ತ ಹೆಂಗಸಿಗೆ ಮಾತ್ರ ಹಳ್ಳಿಯ ಆಡುನುಡಿ, ಕಪ್ಪು ಮೈಬಣ್ಣ, ಒಂದು ಕೇರಿಯನ್ನು ಸೂಚಿಸುವ ಹೆಸರು: ಇಂಥ ಹಸ್ತಪ್ರತಿಯನ್ನು ಹಿಂದಿರುಗಿಸಬೇಕು. ಆ ಕೇರಿಯ ಮಕ್ಕಳೂ ಅದೇ ಗ್ರಂಥಾಲಯದಲ್ಲಿ ಕೂತು ಓದುತ್ತಾರೆ. ಆಕೆಗೆ ಒಂದು ಕಸುಬು, ಒಂದು ಸಿಟ್ಟು, ಕನಿಷ್ಠ ಒಂದು ಅಧ್ಯಾಯದಲ್ಲಿ ತನ್ನದೇ ಮಾತು ಇರಲಿ.

ಸೇಲಂನಲ್ಲಿ ಮರಣದಂಡನೆಗೆ ಗುರಿಯಾಗಿ, ಗಲ್ಲು ತಪ್ಪಿದರೂ ಕಳಂಕ ಉಳಿದಿದ್ದ ಎಲಿಜಬೆತ್ ಜಾನ್ಸನ್ ಎಂಬಾಕೆಯನ್ನು ಮ್ಯಾಸಚೂಸೆಟ್ಸ್ ರಾಜ್ಯ ನಿರ್ದೋಷಿ ಎಂದು ಸಾರಿದ್ದು 2022ರಲ್ಲಿ. ಅದಕ್ಕಾಗಿ ದಾಖಲೆ ಹುಡುಕಿ, ಶಾಸಕರಿಗೆ ಪತ್ರ ಬರೆದವರು ಅಲ್ಲಿನ ಎಂಟನೇ ತರಗತಿಯ ಮಕ್ಕಳು. ನಾವು ಯಾರಿಗೆ ಈ ಪುಸ್ತಕ ಬೇಡ ಎನ್ನುತ್ತಿದ್ದೇವೋ ಅದೇ ವಯಸ್ಸಿನವರು.

ಆಯ್ಕೆ ಮಾಡುವ ಶಿಕ್ಷಕರಲ್ಲಿ ವಿನಂತಿ: ಮುಖಪುಟ ಬಿಟ್ಟು ಕೊನೆಯ ಎರಡು ಅಧ್ಯಾಯ ಓದಿ ತೀರ್ಮಾನಿಸಿ. ಪ್ರಕಾಶಕರಲ್ಲಿ ವಿನಂತಿ: ಮಕ್ಕಳ ಸಹಾಯವಾಣಿ 1098, ಮನೋಸ್ವಾಸ್ಥ್ಯಕ್ಕೆ ಟೆಲಿ ಮನಸ್ 14416, ತುರ್ತಿಗೆ 112, ಈ ಮೂರು ಸಂಖ್ಯೆಗಳನ್ನು ಪುಸ್ತಕದಲ್ಲಿ ಮುದ್ರಿಸಿ. ಹಿಂಬದಿಯ ಒಳರಕ್ಷಾಪುಟದಲ್ಲಿ ಹಾಕಬೇಡಿ, ಗ್ರಂಥಾಲಯದವರು ದಿನಾಂಕದ ಚೀಟಿ ಅಂಟಿಸುವುದು ಅಲ್ಲೇ. ಕಥೆ ಮುಗಿದ ಪುಟದಲ್ಲೇ, ಕೊನೆಯ ಸಾಲಿನ ಕೆಳಗೆ ಹಾಕಿ.

ಹದಿಹರೆಯದವರ ಕಥಾಸಾಹಿತ್ಯದ ಹಸ್ತಪ್ರತಿ ಸಂಪಾದಕರು,
ಬಸವನಗುಡಿ, ಬೆಂಗಳೂರು