ಸ್ಟೆಂಟ್ ಗ್ರಾಫ್ಟ್ ಹಾಕಿಸಿಕೊಂಡವರು ಸ್ಕ್ಯಾನ್ ಬಿಡಬೇಡಿ

ಸಂಪಾದಕರಿಗೆ ನಮಸ್ಕಾರ.

ಹೃದಯದ ಸ್ಟೆಂಟ್ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ. ಹೊಟ್ಟೆಯ ದೊಡ್ಡ ರಕ್ತನಾಳ ಉಬ್ಬಿದಾಗ ಹಾಕುವ ಸ್ಟೆಂಟ್ ಗ್ರಾಫ್ಟ್ ಬಗ್ಗೆ ಬರುವುದು ಅಪರೂಪ. ಎರಡೂ ಒಂದೇ ಅಂದುಕೊಂಡವರು ಜಾಸ್ತಿ. ಸ್ಟೆಂಟ್ ಗ್ರಾಫ್ಟ್ ಹಾಕಿಸಿಕೊಂಡ ನಮ್ಮಣ್ಣನೂ ಅವರಲ್ಲೊಬ್ಬ. ‘ಇಷ್ಟೊತ್ತಿಗೆ ಮಾಂಸ ಕೂಡ್ಕಂಡಿರ್ತತಿ ಬಿಡೋ, ಸುಮ್ನೆ ಸ್ಕ್ಯಾನಿಗೆ ಯಾಕೆ ದುಡ್ಡು’ ಎನ್ನುತ್ತಾನೆ.

ನಾನು ಟೈಲರ್. ಅವನೊಳಗಿರುವುದು ಪಾಲಿಯೆಸ್ಟರ್ ಬಟ್ಟೆಯ ಕೊಳವೆ ಅಂತ ಗೊತ್ತಾದ ಮೇಲೆ ನನಗೂ ಕುತೂಹಲ. ಡಾಕ್ಟರು ಸ್ಯಾಂಪಲ್ ಒಂದನ್ನು ಕೈಗೆ ಕೊಟ್ಟರು. ತೆಳ್ಳಗಿನ ಬಟ್ಟೆ, ಒತ್ತಾದ ನೇಯ್ಗೆ. ನಿಟಿನಾಲ್ (ನಿಕಲ್-ಟೈಟಾನಿಯಂ ಮಿಶ್ರಲೋಹ) ತಂತಿಯ ಉಂಗುರಗಳನ್ನು ಸಣ್ಣ ಸಣ್ಣ ಗಂಟು ಹಾಕಿ ಅದಕ್ಕೆ ಹೊಲಿದಿದ್ದಾರೆ. ತುದಿಯಲ್ಲಿ ಪುಟ್ಟ ಕೊಕ್ಕೆಗಳು. 1950ರ ದಶಕದಲ್ಲಿ ಅಮೆರಿಕದ ಡಾ. ಮೈಕೆಲ್ ಡಿಬೇಕಿ ಡೇಕ್ರಾನ್ ಎಂಬ ಪಾಲಿಯೆಸ್ಟರ್ ಬಟ್ಟೆಯ ಕೊಳವೆಯನ್ನು ಹೆಂಡತಿಯ ಹೊಲಿಗೆ ಮಷಿನ್ನಿನಲ್ಲೇ ಹೊಲಿದಿದ್ದರಂತೆ. ನಮ್ಮ ಕಸುಬಿಗೂ ಒಂದಿಷ್ಟು ಹೆಮ್ಮೆ ಇರಲಿ, ಅಲ್ವಾ? ಆಗ ಹೊಟ್ಟೆ ಕೊಯ್ದು, ಬಟ್ಟೆಯನ್ನು ನಾಳಕ್ಕೇ ಹೊಲಿಯುತ್ತಿದ್ದರು. 1990ರಲ್ಲಿ ಅರ್ಜೆಂಟೀನಾದ ಡಾ. ಹುವಾನ್ ಪರೋದಿ ತೊಡೆಸಂದಿನ ನಾಳದಿಂದ ಅದನ್ನು ತೂರಿಸಿದರು. ಹೊಟ್ಟೆ ಕೊಯ್ಯುವುದು ತಪ್ಪಿತು, ನಾಳಕ್ಕೆ ಹೊಲಿಗೆಯೂ ತಪ್ಪಿತು. ಈಗ ಬಟ್ಟೆ ನಿಲ್ಲುವುದು ತಂತಿಯ ಒತ್ತಡ, ಕೊಕ್ಕೆಯ ಹಿಡಿತದಿಂದ.

ಹಾಗಾದರೆ ಮಾಂಸ ಕೂಡುವುದಿಲ್ಲವೇ? ಹೃದಯದ ಬರೀ ತಂತಿಯ ಸ್ಟೆಂಟನ್ನು ಕೆಲವು ತಿಂಗಳಲ್ಲಿ ನಾಳದ ಒಳಪದರ ಮುಚ್ಚುತ್ತದೆ. ಬಟ್ಟೆಯ ಕೊಳವೆಯಲ್ಲಿ ಅದು ತುದಿಯಿಂದ ಒಂದೆರಡು ಸೆಂ.ಮೀ. ಹಬ್ಬಿ ನಿಂತುಬಿಡುತ್ತದೆ. ನಡುವಿನ ಬಟ್ಟೆಗೆ ವರ್ಷಗಳಾದರೂ ರಕ್ತದ ಹೆಪ್ಪಿನ ತೆಳು ಲೇಪವೇ ಗತಿ. ಪ್ರಯೋಗಕ್ಕೆ ಬಳಸುವ ನಾಯಿ, ಹಂದಿಗಳಲ್ಲಿ ಇದಕ್ಕಿಂತ ಚೆನ್ನಾಗಿ ಕೂಡಿಕೊಳ್ಳುತ್ತದೆ. ಮನುಷ್ಯರಿಗೆ ಆ ಭಾಗ್ಯವಿಲ್ಲ. ಬಟ್ಟೆಯ ಹೊರಗೆ, ಉಬ್ಬಿದ ಚೀಲದಲ್ಲಿ ಉಳಿದ ರಕ್ತವೂ ಪೂರ್ತಿ ಮಾಂಸದಂತೆ ಗಟ್ಟಿಯಾಗದೆ ಬರೀ ಹೆಪ್ಪಾಗಿಯೇ ಇರಬಹುದು. ಕೆಲವರಲ್ಲಿ ಚೀಲ ಕುಗ್ಗುತ್ತದೆ. ಕೆಲವರಲ್ಲಿ ಬೆನ್ನಿನ ಕಡೆಯ ಸಣ್ಣ ನಾಳಗಳಿಂದ ರಕ್ತ ಹಿಮ್ಮುಖವಾಗಿ ಬಂದು ಮತ್ತೆ ಉಬ್ಬುತ್ತದೆ. ಕೊಳವೆ ಜಾರಲೂಬಹುದು. ಎಷ್ಟೋ ಸಲ ನೋವೇ ಇರುವುದಿಲ್ಲ, ಸ್ಕ್ಯಾನಿನಲ್ಲೇ ಕಾಣಬೇಕು.

ಅಣ್ಣನ ಡಿಸ್ಚಾರ್ಜ್ ಚೀಟಿಯಲ್ಲಿ ಇದೆಲ್ಲ ಇಂಗ್ಲಿಷಿನ ಒಂದು ಸಾಲಿನಲ್ಲಿ ಮುಗಿದಿತ್ತು. ಆಸ್ಪತ್ರೆಯವರು ‘ಜೀವನಪರ್ಯಂತ ಸ್ಕ್ಯಾನ್ ಮಾಡಿಸಬೇಕು’ ಎಂದು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು, ಯಾಕೆಂದು ಮನೆಯವರಿಗೂ ಹೇಳಿ ಕಳಿಸಲಿ. ಎಲ್ಲ ಸರಿಯಿದ್ದವರಿಗೆ ಮುಂದೆ ಕಡಿಮೆ ಖರ್ಚಿನ ಡಾಪ್ಲರ್ (ರಕ್ತದ ಹರಿವು ತೋರಿಸುವ ಅಲ್ಟ್ರಾಸೌಂಡ್) ಸ್ಕ್ಯಾನ್ ಸಾಕಾಗಬಹುದು ಎಂಬುದನ್ನೂ ತಿಳಿಸಲಿ. ಆಪರೇಷನ್ನಿಗೆ ಲಕ್ಷಗಟ್ಟಲೆ ಕೊಟ್ಟ ನಮ್ಮ ವಿಮೆ ವರ್ಷದ ಸ್ಕ್ಯಾನಿಗೆ ಒಂದು ರೂಪಾಯಿ ಕೊಡುವುದಿಲ್ಲ. ಇದನ್ನು ಸರ್ಕಾರ ಗಮನಿಸಬೇಕು.

– ಒಬ್ಬ ಟೈಲರ್, ದಾವಣಗೆರೆ