ನಾಲ್ಕು ಚಕ್ರಕ್ಕೂ ಶಕ್ತಿ ಇದೆ ಸರಿ, ಟೈರ್ ಯಾವುದು?

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪತ್ರಿಕೆಯ ವಾಹನ ಪುಟವನ್ನು ತಪ್ಪದೆ ಓದುವವನು ನಾನು. ಹೊಸ ಕಾರು ಬಂದಾಗಲೆಲ್ಲ ಎಂಜಿನ್ ಎಷ್ಟು ಸಿಸಿ, ಒಳಗಿನ ಸ್ಕ್ರೀನ್ ಎಷ್ಟು ಇಂಚು, ಸನ್‌ರೂಫ್ ಇದೆಯೋ ಇಲ್ಲವೋ ಎಂದು ಚೆನ್ನಾಗಿ ಬರೆಯುತ್ತೀರಿ. ಟೈರಿನ ಬಗ್ಗೆ ಮಾತ್ರ ಒಂದು ಸಾಲೂ ಕಾಣುವುದಿಲ್ಲ. ಕಳೆದ ವರ್ಷ ನಾನು ಆಲ್ ವೀಲ್ ಡ್ರೈವ್, ಅಂದರೆ ಎಂಜಿನ್ನಿನ ಶಕ್ತಿ ನಾಲ್ಕೂ ಚಕ್ರಕ್ಕೆ ಹೋಗುವ ವ್ಯವಸ್ಥೆ, ಇರುವ ಸಣ್ಣ ಎಸ್‌ಯುವಿ ಒಂದನ್ನು ಕೊಂಡೆ. ಕೊಳ್ಳುವ ಮುಂಚೆ ತಿಂಗಳುಗಟ್ಟಲೆ ಓದಿದ್ದೆ, ಸಿಕ್ಕವರನ್ನೆಲ್ಲ ಕೇಳಿದ್ದೆ, ಆದರೆ ಟೈರಿನ ಬಗ್ಗೆ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಅದರಿಂದ ಒಂದು ಸಲ ಜೀವ ಬಾಯಿಗೆ ಬಂತು, ಇನ್ನೊಂದು ಸಲ ದುಡ್ಡು ಹೋಯಿತು. ಬೇರೆಯವರಿಗೆ ಹಾಗೆ ಆಗಬಾರದು ಎಂದು ಬರೆಯುತ್ತಿದ್ದೇನೆ.

ಮೊದಲನೆಯದು ಕಾರು ಬಂದ ಎರಡನೇ ತಿಂಗಳು. ಮಳೆ ಆಗಷ್ಟೇ ನಿಂತಿತ್ತು. ಒದ್ದೆ ಮಣ್ಣಿನ ಏರು. ಮುಂದಿದ್ದ ಕಾರಿನ ಚಕ್ರ ಗಿರ್ರನೆ ತಿರುಗಿ ಕೆಸರು ಚಿಮ್ಮಿಸುತ್ತಾ ಇದ್ದಲ್ಲೇ ನಿಂತಿತು. ನನ್ನದು ಒಂದು ಕ್ಷಣ ತಡವರಿಸಿತು, ಆಮೇಲೆ ಹಿಂದಿನಿಂದ ಯಾರೋ ತಳ್ಳಿದ ಹಾಗೆ ಹತ್ತಿಬಿಟ್ಟಿತು. ಎಷ್ಟು ಖುಷಿಯಾಯಿತು ಅಂದರೆ, ಇನ್ನು ಯಾವ ರಸ್ತೆಗೂ ಹೆದರಬೇಕಿಲ್ಲ ಎಂದುಕೊಂಡೆ. ಏರಿನ ಆಚೆ ಇಳಿಯುವಾಗ ಅದೇ ಧೈರ್ಯದಲ್ಲಿದ್ದೆ. ತಿರುವು ಬಂತು, ಬ್ರೇಕ್ ಒತ್ತಿದೆ. ಪೆಡಲ್ ಕಾಲಿನಡಿ ಗರಗರ ಎಂದು ನಡುಗಿತು, ಸ್ಟೀರಿಂಗ್ ತಿರುಗಿಸಿದೆ, ಕಾರು ಮಾತ್ರ ನೇರವಾಗಿ ಜಾರುತ್ತಾ ಹೋಗಿ ರಸ್ತೆ ಅಂಚಿನ ಹುಲ್ಲಿನಲ್ಲಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಬಹಳ ಹೊತ್ತು ನನಗೆ ಕಾರಿನಿಂದ ಇಳಿಯಲೇ ಆಗಲಿಲ್ಲ.

ಆ ದಿನ ಅರ್ಥವಾಗಿದ್ದು ಇಷ್ಟು. ಆಲ್ ವೀಲ್ ಡ್ರೈವ್ ಕೆಲಸ ಮಾಡುವುದು ಎಂಜಿನ್ ಚಕ್ರವನ್ನು ತಿರುಗಿಸುವಾಗ ಮಾತ್ರ. ಹೊರಡುವಾಗ, ಏರು ಹತ್ತುವಾಗ, ಕೆಸರಿನಿಂದ ಮೇಲೆ ಬರುವಾಗ ಅದು ದೊಡ್ಡ ಸಹಾಯ. ನಿಲ್ಲಿಸುವಾಗ ಅದರ ಪಾತ್ರ ಏನೂ ಇಲ್ಲ. ಬ್ರೇಕ್ ಎಲ್ಲ ಕಾರಿನಲ್ಲೂ ನಾಲ್ಕೂ ಚಕ್ರಕ್ಕೆ ಇರುತ್ತದೆ ಅಲ್ವಾ? ಮುಂದಿನ ಎರಡೇ ಚಕ್ರಕ್ಕೆ ಶಕ್ತಿ ಹೋಗುವ ಚಿಕ್ಕ ಕಾರಿಗೂ ನನ್ನ ಕಾರಿಗೂ ಆ ವಿಷಯದಲ್ಲಿ ವ್ಯತ್ಯಾಸ ಇಲ್ಲ, ನನ್ನದು ತೂಕ ಜಾಸ್ತಿ ಅಷ್ಟೇ. ಒಂದೊಂದು ಟೈರೂ ನೆಲವನ್ನು ಮುಟ್ಟುವುದು ಹೆಚ್ಚೂಕಡಿಮೆ ಅಂಗೈಯಷ್ಟು ಜಾಗದಲ್ಲಿ. ಇಡೀ ಕಾರು, ಒಳಗಿರುವ ಜನ, ಸಾಮಾನು, ಎಲ್ಲವನ್ನೂ ಹಿಡಿದು ನಿಲ್ಲಿಸಬೇಕಾದ್ದು ಆ ನಾಲ್ಕು ಅಂಗೈ ರಬ್ಬರು. ಸುಲಭವಾಗಿ ಹತ್ತಿಸುವ ಕಾರಿನಲ್ಲಿ ರಸ್ತೆ ಎಷ್ಟು ಜಾರುತ್ತಿದೆ ಎಂಬುದೇ ಓಡಿಸುವವನಿಗೆ ಗೊತ್ತಾಗುವುದಿಲ್ಲ, ಬ್ರೇಕ್ ಒತ್ತಿದಾಗಲೇ ಗೊತ್ತಾಗುವುದು.

ಎರಡನೆಯದು ದುಡ್ಡಿನ ಕಥೆ. ಸುಮಾರು 22 ಸಾವಿರ ಕಿಲೋಮೀಟರ್ ಓಡಿದ ಮೇಲೆ ಚೂಪು ಕಲ್ಲೊಂದು ಮುಂದಿನ ಎಡ ಟೈರಿನ ಪಕ್ಕವನ್ನೇ ಸೀಳಿತು. ಪಕ್ಕ ಸೀಳಿದರೆ ಪಂಕ್ಚರ್ ಹಾಕಿ ಓಡಿಸುವ ಹಾಗಿಲ್ಲ, ಟೈರನ್ನೇ ಬದಲಿಸಬೇಕು. ಅಂಗಡಿಯವರು ಒಂದೇ ಒಂದು ಹೊಸ ಟೈರ್ ಹಾಕಿ ಕಳಿಸಿದರು. ಕಾರು ಆಲ್ ವೀಲ್ ಡ್ರೈವ್ ಎಂದು ನಾನು ಹೇಳಲಿಲ್ಲ, ಅವರು ಕೇಳಲಿಲ್ಲ. ಎರಡು ವಾರದ ನಂತರ ದೂರದ ಪ್ರಯಾಣದಲ್ಲಿ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಹತ್ತಿತು. ಪಕ್ಕಕ್ಕೆ ಹಾಕಿ ಅರ್ಧ ಗಂಟೆ ಬಿಟ್ಟೆ, ಆರಿತು. ಮತ್ತೆ ಹೊರಟೆ, ಸ್ವಲ್ಪ ಹೊತ್ತಿಗೆ ಮತ್ತೆ ಹತ್ತಿತು. ಸರ್ವಿಸ್‌ಗೆ ಕೊಟ್ಟಾಗ ಅಲ್ಲಿನ ಹುಡುಗ ಕಂಪ್ಯೂಟರ್ ಮುಟ್ಟುವ ಮುಂಚೆಯೇ ಜೇಬಿನಿಂದ ಪೆನ್ನಿನಷ್ಟು ಉದ್ದದ ಅಳತೆ ಕಡ್ಡಿ ತೆಗೆದು ಟೈರಿನ ಕಚ್ಚಿನೊಳಗೆ, ಅಂದರೆ ಮೇಲ್ಮೈಯ ಗೀರಿನೊಳಗೆ, ಇಳಿಸಿ ಆಳ ನೋಡಿದ. ಮೂರು ಟೈರಿನಲ್ಲಿ 5 ಮಿಲಿಮೀಟರ್, ಹೊಸದರಲ್ಲಿ 8. "ಸಾರ್, ನಿಮ್ಮ ಕಾರಿಗೆ ಇದೇ ತೊಂದರೆ" ಅಂದ.

3 ಮಿಲಿಮೀಟರಿಗೆ ಏನಾಗಿಬಿಡುತ್ತದೆ ಎಂದು ನನಗೂ ಅನಿಸಿತು. ಮನೆಗೆ ಬಂದು ಲೆಕ್ಕ ಹಾಕಿದೆ. ನನ್ನ ಟೈರಿನ ಅಳತೆ 215/60 ಆರ್ 17. ಹೊಸದಾಗಿದ್ದಾಗ ಅದರ ವ್ಯಾಸ ಸುಮಾರು 690 ಮಿಲಿಮೀಟರ್, ಒಂದು ಕಿಲೋಮೀಟರ್ ಹೋಗಲು ಸುಮಾರು 461 ಸುತ್ತು. 3 ಮಿಲಿಮೀಟರ್ ಸವೆದರೆ ವ್ಯಾಸ 684, ಅದೇ ದೂರಕ್ಕೆ 465 ಸುತ್ತು. ಕಿಲೋಮೀಟರಿಗೆ ನಾಲ್ಕು ಸುತ್ತಿನ ವ್ಯತ್ಯಾಸ, ನೂರು ಕಿಲೋಮೀಟರಿಗೆ ನಾನೂರು. ನೇರ ರಸ್ತೆಯಲ್ಲೂ ಕಾರಿಗೆ ತಾನು ಸದಾ ತಿರುವಿನಲ್ಲೇ ಇದ್ದ ಹಾಗೆ, ಅಥವಾ ಒಂದು ಚಕ್ರ ಜಾರುತ್ತಿರುವ ಹಾಗೆ ಕಾಣುತ್ತದೆ.

ಇಂಥ ಸಣ್ಣ ಎಸ್‌ಯುವಿಗಳಲ್ಲಿ ಬಹುಪಾಲು ಮಾಮೂಲಿಯಾಗಿ ಓಡುವುದು ಮುಂದಿನ ಚಕ್ರಗಳಿಂದ. ಹಿಂದಿನ ಚಕ್ರಗಳಿಗೆ ಶಕ್ತಿ ಕೊಡಲು ನಡುವೆ ಒಂದು ಕ್ಲಚ್ ಇರುತ್ತದೆ, ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದ ಹಾಗೆ. ಮುಂದಿನ ಚಕ್ರ ಜಾರಿದರೆ ಕಂಪ್ಯೂಟರ್ ಆ ತಟ್ಟೆಗಳನ್ನು ಬಿಗಿ ಮಾಡುತ್ತದೆ. ಮುಂದೆ ಹಿಂದೆ ವೇಗ ಯಾವಾಗಲೂ ಬೇರೆ ಇದ್ದರೆ ಆ ತಟ್ಟೆಗಳು ಉಜ್ಜಿ ಉಜ್ಜಿ ಬಿಸಿಯಾಗುತ್ತವೆ. ನನ್ನ ಕಾರಿನ ದೀಪ ಹೇಳುತ್ತಿದ್ದದ್ದು ಅದನ್ನೇ. ಹಾಗೇ ಓಡಿಸುತ್ತಾ ಹೋದರೆ ಕೆಡುವುದು ಟೈರ್ ಅಲ್ಲ, ಆ ಕ್ಲಚ್ಚು. ಅದರ ಮುಂದೆ ಟೈರಿನ ಖರ್ಚು ಏನೂ ಅಲ್ಲ.

ಎಷ್ಟು ವ್ಯತ್ಯಾಸ ತಡೆಯುತ್ತದೆ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ, ಕಾರಿನ ಕೈಪಿಡಿ ನೋಡಬೇಕು. ಜಪಾನಿನ ಕಾರು ಕಂಪನಿ ಸುಬಾರು ಹೇಳುವ ಮಿತಿ ಟೈರಿನ ಸುತ್ತಳತೆಯಲ್ಲಿ ಕಾಲು ಇಂಚು. ಸವೆತದ ಲೆಕ್ಕದಲ್ಲಿ ಅದು ಬರೀ 1 ಮಿಲಿಮೀಟರ್ ಆಸುಪಾಸು! ಆಮೇಲೆ ತಿಳಿಯಿತು, ಇಂಥ ಹೊತ್ತಿನಲ್ಲಿ ಅದೇ ಕಂಪನಿಯ ಅದೇ ಮಾದರಿಯ, ಅಷ್ಟೇ ಸವೆದ ಒಳ್ಳೆಯ ಟೈರ್ ಸಿಕ್ಕರೆ ಹಾಕಬಹುದಂತೆ. ಹೊಸ ಟೈರನ್ನೇ ಯಂತ್ರದಲ್ಲಿ ಕೆರೆದು ಉಳಿದವುಗಳ ಮಟ್ಟಕ್ಕೆ ತರುವುದೂ ಕೆಲವು ದೇಶಗಳಲ್ಲಿ ಇದೆ. ನನಗೆ ಎರಡೂ ಸಿಗಲಿಲ್ಲ. ಅರ್ಧಕ್ಕಿಂತ ಹೆಚ್ಚು ಆಯಸ್ಸು ಇದ್ದ ಮೂರು ಟೈರನ್ನು ತೆಗೆಸಬೇಕಾಯಿತು, ನಾಲ್ಕನ್ನೂ ಹೊಸದಾಗಿ ಹಾಕಿಸಿದೆ.

ಈ ಸಲ ಸುಮ್ನೆ ಅಂಗಡಿಗೆ ಹೋಗಿ "ಒಳ್ಳೇದು ಕೊಡಿ" ಅನ್ನಲಿಲ್ಲ. ಮೊದಲು ಟೈರಿನ ಪಕ್ಕದಲ್ಲಿ ಬರೆದಿರುವುದನ್ನು ಓದಲು ಕಲಿತೆ. 215 ಅಂದರೆ ಅಗಲ, ಮಿಲಿಮೀಟರಿನಲ್ಲಿ. 60 ಅಂದರೆ ಪಕ್ಕದ ಎತ್ತರ ಆ ಅಗಲದ ಶೇ 60. 17 ರಿಮ್ಮಿನ ವ್ಯಾಸ, ಇಂಚಿನಲ್ಲಿ. ಅದರ ಮುಂದೆ 96 ಎಚ್ ಎಂದಿತ್ತು. 96 ಅಂದರೆ ಆ ಒಂದು ಟೈರ್ 710 ಕಿಲೋ ಹೊರಬಲ್ಲದು, ಎಚ್ ಅಂದರೆ ಗಂಟೆಗೆ 210 ಕಿಲೋಮೀಟರ್ ವೇಗದವರೆಗೆ ಸರಿ. ಅಷ್ಟು ವೇಗದಲ್ಲಿ ಯಾರೂ ಹೋಗಬೇಕಿಲ್ಲ, ಆದರೆ ಕಂಪನಿ ಹೇಳಿದ ಭಾರದ ಸಂಖ್ಯೆಗಿಂತ ಕಡಿಮೆಯದನ್ನು ಮಾತ್ರ ಹಾಕಿಸಲೇಬಾರದು.

ಒಬ್ಬರು 215/65 ಹಾಕಿಸಿ, ಕಾರು ಎತ್ತರ ಕಾಣುತ್ತದೆ, ನೆಲ ತಾಗುವುದಿಲ್ಲ ಅಂದರು. ಲೆಕ್ಕ ಹಾಕಿದರೆ ವ್ಯಾಸ 21 ಮಿಲಿಮೀಟರ್ ದೊಡ್ಡದಾಗುತ್ತದೆ, ಕಾರು ಮೇಲೇಳುವುದು ಅದರ ಅರ್ಧ, 1 ಸೆಂಟಿಮೀಟರ್ ಮಾತ್ರ. ಆದರೆ ಚಕ್ರ ಶೇ 3ರಷ್ಟು ದೊಡ್ಡದಾದ್ದರಿಂದ ಸ್ಪೀಡೋಮೀಟರಿನ ಲೆಕ್ಕವೂ ಅಷ್ಟು ತಪ್ಪುತ್ತದೆ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ಒಳಗೆ ಉಜ್ಜಿದರೂ ಉಜ್ಜೀತು. ಬೇಡ ಅಂದೆ.

ದೊಡ್ಡ ಪ್ರಶ್ನೆ ಟೈರಿನ ಜಾತಿಯದು. ಎಸ್‌ಯುವಿ ಅಂದಮೇಲೆ ದಪ್ಪ ಕಚ್ಚಿನ ಆಲ್ ಟೆರೇನ್ ಟೈರೇ ಇರಬೇಕು ಎಂಬ ಆಸೆ ನನಗೂ ಇತ್ತು. ನೋಡಲು ಚೆಂದ, ನಿಜ. ಜಲ್ಲಿಕಲ್ಲು, ಹೊಲದ ದಾರಿ, ಕೆಸರು ದಿನಾ ತುಳಿಯುವವರಿಗೆ ಅದೇ ಸರಿ, ಅದರ ಪಕ್ಕವೂ ಗಟ್ಟಿ ಇರುತ್ತದೆ. ಆದರೆ ಮೇಲ್ಮೈಯ ರಬ್ಬರ್ ಗಡ್ಡೆಗಳ ನಡುವೆ ಜಾಗ ಜಾಸ್ತಿ ಇರುವುದರಿಂದ ಡಾಂಬರಿಗೆ ಅಂಟುವ ರಬ್ಬರು ಕಡಿಮೆ. ಒದ್ದೆ ಡಾಂಬರಿನಲ್ಲಿ ನಿಲ್ಲಲು ಸಾಮಾನ್ಯವಾಗಿ ಜಾಸ್ತಿ ದೂರ ಬೇಕಾಗುತ್ತದೆ, ಸದ್ದು ಜಾಸ್ತಿ, ತೂಕ ಜಾಸ್ತಿ, ಮೈಲೇಜ್ ಇಳಿಯುತ್ತದೆ. ನಾನು ನೂರಕ್ಕೆ ತೊಂಬತ್ತು ಭಾಗ ಓಡಿಸುವುದು ಡಾಂಬರಿನ ಮೇಲೆ. ನನ್ನನ್ನು ಹೆದರಿಸಿದ್ದೂ ಹತ್ತುವುದಲ್ಲ, ನಿಲ್ಲುವುದು. ಹಾಗಾಗಿ ಒದ್ದೆ ರಸ್ತೆಯಲ್ಲಿ ಚೆನ್ನಾಗಿ ಹಿಡಿಯುವ ಹೈವೇ ಟೈರನ್ನೇ ಆರಿಸಿದೆ. ಯುರೋಪಿನ ಲೇಬಲ್ ಇರುವ ಟೈರಿನಲ್ಲಿ ಒದ್ದೆ ಹಿಡಿತಕ್ಕೆ ಎ ಯಿಂದ ಇ ವರೆಗೆ ದರ್ಜೆ ಕೊಟ್ಟಿರುತ್ತಾರೆ, ಎ ಒಳ್ಳೆಯದು. ಎಷ್ಟು ಸಾವಿರ ಕಿಲೋಮೀಟರ್ ಬರುತ್ತದೆ ಎಂದು ಮೊದಲು ಕೇಳುವವರು ಇದನ್ನೂ ಕೇಳಿದರೆ ಒಳ್ಳೆಯದು. ತುಂಬಾ ದಿನ ಬಾಳುವ ಗಟ್ಟಿ ರಬ್ಬರಿನಿಂದ ಅಷ್ಟೇ ಹಿಡಿತವನ್ನೂ ಪಡೆಯುವುದು ಕಷ್ಟ.

ಹಿಮ ಬೀಳುವ ಕಡೆ ಇರುವವರಿಗೆ ಮಾತು ಬೇರೆ. ಬೇಸಿಗೆ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗತೊಡಗುತ್ತದೆ, ಹಿಡಿತ ಹೋಗುತ್ತದೆ. ಎಂ+ಎಸ್ (ಕೆಸರು ಮತ್ತು ಹಿಮ) ಎಂಬ ಗುರುತನ್ನು ಮಾತ್ರ ನಂಬಬೇಡಿ, ಅದನ್ನು ತಯಾರಕರು ತಾವೇ ಹಾಕಿಕೊಳ್ಳುತ್ತಾರೆ. ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳು ಇರುವ ಚಿತ್ರ ಇದ್ದರೆ ಹಿಮದ ಮೇಲೆ ಪರೀಕ್ಷೆಯಾಗಿದೆ ಎಂದರ್ಥ. ಆಲ್ ವೀಲ್ ಡ್ರೈವ್ ಇದೆಯಲ್ಲ, ಹಿಮದ ಟೈರನ್ನು ಎರಡೇ ಚಕ್ರಕ್ಕೆ ಹಾಕಿಸಿದರೆ ಸಾಕು ಅನ್ನುವವರಿದ್ದಾರೆ. ಸಾಲದು, ನಾಲ್ಕಕ್ಕೂ ಬೇಕು.

ಇನ್ನೊಂದು, ತಯಾರಾದ ದಿನ. ಟೈರಿನ ಪಕ್ಕದಲ್ಲಿ ಡಿಒಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತವೆ. 3524 ಎಂದಿದ್ದರೆ 2024ರ 35ನೇ ವಾರ. ಅಂಗಡಿಯಲ್ಲಿ ನಾನು ಮೊಣಕಾಲೂರಿ ಮೊಬೈಲ್ ಟಾರ್ಚ್ ಹಾಕಿ ನಾಲ್ಕನ್ನೂ ಓದಿದೆ. ಮೂರು ಒಂದೇ ತಿಂಗಳಿನವು, ನಾಲ್ಕನೆಯದು ಎರಡು ವರ್ಷ ಹಳೆಯದು. ಕೇಳಿದ ತಕ್ಷಣ ಬದಲಿಸಿ ಕೊಟ್ಟರು. ಕೇಳದಿದ್ದರೆ ಅದೇ ಬರುತ್ತಿತ್ತು.

ಗಾಳಿಯ ವಿಷಯದಲ್ಲೂ ಒಂದು ತಪ್ಪು ಎಲ್ಲ ಕಡೆ ಕಾಣುತ್ತೇನೆ. ಟೈರಿನ ಮೇಲೆ ಬರೆದಿರುವುದು ಅದು ತಡೆಯುವ ಗರಿಷ್ಠ ಒತ್ತಡ. ನಾವು ಹಾಕಿಸಬೇಕಾದ್ದು ಡ್ರೈವರ್ ಬಾಗಿಲಿನ ಚೌಕಟ್ಟಿನ ಚೀಟಿಯಲ್ಲಿ ಇರುವುದು. ಟೈರ್ ತಣ್ಣಗಿರುವಾಗ ನೋಡಬೇಕು, ಕಾರು ತುಂಬಾ ಜನ ಹೊರಟಾಗಿನ ಅಂಕಿ ಅಲ್ಲೇ ಬೇರೆ ಕೊಟ್ಟಿರುತ್ತಾರೆ. 8ರಿಂದ 10 ಸಾವಿರ ಕಿಲೋಮೀಟರಿಗೊಮ್ಮೆ ಟೈರ್‌ಗಳನ್ನು ಮುಂದೆ ಹಿಂದೆ ಬದಲಿಸುತ್ತಿದ್ದರೆ ನಾಲ್ಕೂ ಒಂದೇ ಸಮ ಸವೆಯುತ್ತವೆ. ಸ್ಟೆಪ್ನಿ ಕೂಡ ಅದೇ ಅಳತೆಯ ಪೂರ್ತಿ ಟೈರ್ ಆಗಿದ್ದರೆ ಅದನ್ನೂ ಈ ಅದಲುಬದಲಿಗೆ ಸೇರಿಸಬಹುದು, ಆಗ ಒಂದು ಸೀಳಿದರೂ ಅಷ್ಟೇ ಸವೆದದ್ದು ಕೈಯಲ್ಲೇ ಇರುತ್ತದೆ. ನನ್ನದು ತೆಳು ಸ್ಟೆಪ್ನಿ, ಆ ಅನುಕೂಲ ಇಲ್ಲ. ಅದನ್ನು ಹಾಕಿಕೊಂಡು ಹೋಗಬಹುದಾದ ವೇಗ 80 ಕಿಲೋಮೀಟರ್ ಎಂದು ಅದರ ಮೇಲೇ ಬರೆದಿದೆ, ದೂರವೂ ಕಡಿಮೆ. ಕಚ್ಚು 1.6 ಮಿಲಿಮೀಟರಿಗೆ ಇಳಿದರೆ ಟೈರ್ ಮುಗಿಯಿತು ಎಂದು ಬಹಳ ಕಡೆ ನಿಯಮ ಇದೆ. ಆದರೆ ಮಳೆ ನೀರನ್ನು ತಳ್ಳುವ ಶಕ್ತಿ ಅದಕ್ಕೂ ಮೊದಲೇ ಕುಗ್ಗುತ್ತದೆ, ನಾನು 3 ಮಿಲಿಮೀಟರಿಗೇ ತೆಗೆಸುತ್ತೇನೆ.

ಸಂಪಾದಕರೇ, ನಿಮ್ಮಲ್ಲಿ ಕೇಳುವುದು ಒಂದೇ. ಹೊಸ ಕಾರಿನ ಬಗ್ಗೆ ಬರೆಯುವಾಗ ಕಂಪನಿ ಯಾವ ಜಾತಿಯ ಟೈರ್ ಹಾಕಿ ಕೊಡುತ್ತಿದೆ, ಒದ್ದೆ ರಸ್ತೆಯಲ್ಲಿ ಆ ಕಾರು ಎಷ್ಟು ದೂರಕ್ಕೆ ನಿಲ್ಲುತ್ತದೆ, ಸ್ಟೆಪ್ನಿ ಪೂರ್ತಿ ಅಳತೆಯದೋ ತೆಳುವೋ, ಆಲ್ ವೀಲ್ ಡ್ರೈವ್ ಆಗಿದ್ದರೆ ಒಂದೇ ಟೈರ್ ಬದಲಿಸುವ ಬಗ್ಗೆ ಕೈಪಿಡಿ ಏನು ಹೇಳುತ್ತದೆ ಎಂದು ನಾಲ್ಕು ಸಾಲು ಹಾಕಿ. ಸನ್‌ರೂಫಿಗೆ ಕೊಡುವ ಜಾಗದಲ್ಲಿ ಅರ್ಧ ಸಾಕು. ಒದ್ದೆ ಇಳಿಜಾರಿಗೆ ಹೋಗುವ ಮುಂಚೆ ನಾನು ಅದನ್ನು ನಿಮ್ಮ ಪುಟದಲ್ಲೇ ಓದಿರುತ್ತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಇತಿ,
ನಿಮ್ಮ ಓದುಗ