ಬೇಂದ್ರೆಯವರನ್ನು ಮೂರು ಅಂಕದಿಂದ ಬಿಡಿಸಿ: ಶಾಲಾ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ಹತ್ತನೆಯ ತರಗತಿಯ ಕನ್ನಡ ಪರೀಕ್ಷೆಯಲ್ಲಿ ವರ್ಷಗಳಿಂದ ಕೇಳುತ್ತಿರುವ ಪ್ರಶ್ನೆ ತಮಗೆ ಗೊತ್ತೇ ಇದೆ: ಕವಿಯ ಸ್ಥಳ, ಕಾಲ, ಕೃತಿ, ಪ್ರಶಸ್ತಿ ಕುರಿತು ವಾಕ್ಯರೂಪದಲ್ಲಿ ಬರೆಯಿರಿ. ಮೂರು ಅಂಕ. ಬೇಂದ್ರೆಯವರ ಬಗ್ಗೆ ಮಕ್ಕಳು ಉರು ಹೊಡೆಯುತ್ತಾರೆ: ಧಾರವಾಡ, 1896, ‘ಗರಿ’, ‘ನಾದಲೀಲೆ’, ‘ನಾಕುತಂತಿ’ಗೆ ಜ್ಞಾನಪೀಠ. ‘ನರಬಲಿ’ ಕವಿತೆಗಾಗಿ ಬ್ರಿಟಿಷ್ ಸರ್ಕಾರ ಅವರನ್ನು ಜೈಲಿಗೆ ಹಾಕಿದ್ದಕ್ಕೆ ಅಂಕವಿಲ್ಲ. ಅವರೂ ಮೇಷ್ಟ್ರಾಗಿದ್ದರು ಎಂಬುದಕ್ಕೂ ಇಲ್ಲ. ಅಂಕವಿಲ್ಲದ್ದನ್ನು ಪರೀಕ್ಷೆ ಹತ್ತಿರವಾದ ಫೆಬ್ರವರಿಯಲ್ಲಿ ಯಾರು ಹೇಳಿಕೊಡುತ್ತಾರೆ? ಆ ಪ್ರಶ್ನೆಯನ್ನು ಕೈಬಿಡಿ.

ಬೇಂದ್ರೆಯವರ ‘ಹಕ್ಕಿ ಹಾರುತಿದೆ ನೋಡಿದಿರಾ’ ಪದ್ಯದ ಪಾಠ ಕೆಡುವುದು ಮೊದಲ ಐದು ನಿಮಿಷದಲ್ಲೇ. ಹಲಗೆಯ ಮೇಲೆ ‘ಹಕ್ಕಿ ಎಂದರೆ ಕಾಲ’ ಎಂದು ಬರೆದುಬಿಟ್ಟರೆ ಮಕ್ಕಳಿಗೆ ಹುಡುಕಲು ಏನೂ ಉಳಿಯುವುದಿಲ್ಲ. ಮೊದಲ ಅವಧಿಯಲ್ಲಿ ಪುಸ್ತಕ ಮುಚ್ಚಿಸಿ, ಎರಡು ಸಲ ಗಟ್ಟಿಯಾಗಿ ಓದಬೇಕು. ‘ಗಾವುದ ಗಾವುದ ಗಾವುದ ಮುಂದಕೆ’ ಸಾಲಿಗೆ ಚಪ್ಪಾಳೆ ಹಾಕಿಸಿದರೆ ನಾಲ್ಕು ಮಾತ್ರೆಯ (ಉಚ್ಚಾರದ ಅಳತೆ) ನಾಲ್ಕು ಗಣ (ಮಾತ್ರೆಗಳ ಗುಂಪು) ಕೈಗೇ ಸಿಗುತ್ತವೆ. ಲಘು-ಗುರು ಗುರುತಿಸುವ ಪ್ರಸ್ತಾರ ಆಮೇಲೆ ಹಾಕಲಿ. ಪಲ್ಲವಿಯಲ್ಲಿ ‘ಹಕ್ಕಿ’ ಮೂರು ಮಾತ್ರೆ, ‘ಹಾರುತಿದೆ’ ಐದು. ಅಲ್ಲಿಯೂ ನಾಲ್ಕರ ತಾಳವನ್ನೇ ಒತ್ತಿದರೆ ಮಾತು ಎಡವುತ್ತದೆ. ಹೀಗಾಗಿ ಶಿಕ್ಷಕರು ಮೊದಲು ತಾವೇ ಓದಿ ಅಭ್ಯಾಸ ಮಾಡಿಕೊಳ್ಳಬೇಕು.

ಎರಡನೆಯ ಅವಧಿ ಬಣ್ಣಗಳಿಗೆ. ಹಕ್ಕಿಯ ಪುಚ್ಚದಲ್ಲಿ ಕಪ್ಪು, ನರೆ; ಗರಿಯಲ್ಲಿ ಬಿಳಿ; ರೆಕ್ಕೆಯಲ್ಲಿ ಕೆಂಪು, ಹೊನ್ನು. ಇವು ದಿನದ ಯಾವ ಹೊತ್ತಿನ ಬಣ್ಣಗಳೆಂದು ಕೇಳಿ ಸುಮ್ಮನಿರಬೇಕು. ರಾತ್ರಿ, ಹಗಲು, ಸಂಜೆ ಎಂದು ಮಕ್ಕಳೇ ಹೇಳಲಿ. ಕಾಲ ಎಂಬ ಉತ್ತರ ಅವರ ಬಾಯಿಂದಲೇ ಬರಲಿ. ಅರಸೊತ್ತಿಗೆಗಳು ಅಳಿಯುವ ಸಾಲುಗಳಿಗೆ ಬಂದಾಗ ‘ನರಬಲಿ’ಯ ಜೈಲುವಾಸ ಹೇಳಿದರೆ ಬದುಕು, ಬರಹ ಎರಡೂ ಒಟ್ಟಿಗೆ ಮನಸ್ಸಿಗೆ ಇಳಿಯುತ್ತವೆ.

ಆದರೆ ಹೀಗೆ ಕಲಿತ ಮಗು ಸ್ವಂತ ಮಾತಿನಲ್ಲಿ ಉತ್ತರ ಬರೆದರೆ, ‘ಮಾದರಿ ಉತ್ತರದಲ್ಲಿಲ್ಲ’ ಎಂದು ಅಂಕ ಕತ್ತರಿಸುತ್ತಾರೆ. ಗೈಡಿನ ಸಾರಾಂಶ ಇಳಿಸಿದವನಿಗೆ ಪೂರ್ತಿ ಅಂಕ. ಇದು ಅನ್ಯಾಯ, ಸಚಿವರೇ! ವರ್ಷವಿಡೀ ಓದಿಸಿದ್ದನ್ನು ಒಂದು ಕೀ-ಉತ್ತರದ ಹಾಳೆ ಅಳಿಸಿಹಾಕುತ್ತಿದೆ.

ಪ್ರಥಮ ಭಾಷೆಯ 125 ಅಂಕಗಳಲ್ಲಿ 25 ಆಂತರಿಕ ಮೌಲ್ಯಮಾಪನದ್ದು. ಅದರಲ್ಲಿ ಐದನ್ನು ಪದ್ಯವಾಚನಕ್ಕೆ ಮೀಸಲಿಡಿ. ಒಂದು ಪದ್ಯಕ್ಕೆ ನಾಲ್ಕು ಅವಧಿ ಕೊಡಿ. ಸ್ಥಳ-ಕಾಲ-ಕೃತಿಯ ಪ್ರಶ್ನೆ ತೆಗೆದು, ಆ ಮೂರು ಅಂಕಕ್ಕೆ ಪಠ್ಯದಲ್ಲಿಲ್ಲದ ಒಂದು ಪದ್ಯಭಾಗ ಕೊಟ್ಟು ಅರ್ಥ ಕೇಳಿ. ಬರುವ ಜೂನ್ ಒಳಗೆ ಸುತ್ತೋಲೆ ಹೊರಡಿಸಿ.

ಇಂತಿ,
ಕನ್ನಡ ಭಾಷಾ ಶಿಕ್ಷಕರು